ಹೊರಡುವ ತೂಕ

ನಮ್ಮೂರಿನ ವಿಮಾನ ನಿಲ್ದಾಣ ಮತ್ತೆ ಶುರುವಾಗಿ ಒಂದು ತಿಂಗಳಾಯಿತು. ಆ ಸಂತೋಷಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಅದರ ಕಾರ್ಯದರ್ಶಿ ಪುರುಷೋತ್ತಮ ಮೊನ್ನೆ ಮನೆಗೆ ಬಂದು, ಕಾಫಿ ಕುಡಿದು, ನಿಲ್ದಾಣದ ಇತಿಹಾಸವನ್ನು ನಾನೇ ಬರೆದುಕೊಡಬೇಕು ಎಂದ. ಹಳೆಯ ಕಂಪನಿಯಲ್ಲಿ ಕೆಲಸ ಮಾಡಿದವರಲ್ಲಿ ಇನ್ನೂ ಉಸಿರಾಡುತ್ತಿರುವವನು ನಾನೊಬ್ಬನೇ. "ಎರಡು ಪುಟ ಸಾಕು ಸಾರ್. ಸ್ವಲ್ಪ ಖುಷಿಖುಷಿಯಾಗಿರ್ಲಿ. ಎದುರುಗಡೆ ಪುಟದಲ್ಲಿ ಮಂತ್ರಿಗಳ ಫೋಟೋ ಬರುತ್ತೆ," ಎಂದ. ಆಗಲಿ ಎಂದೆ. ಇದು ಎರಡು ಪುಟಕ್ಕೆ ಮುಗಿಯುವುದಿಲ್ಲ, ಅವನು ಇದನ್ನು ಅಚ್ಚು ಹಾಕಿಸುವುದೂ ಇಲ್ಲ. ಹಾಗಾಗಿ ನನಗೆ ಬೇಕಾದ ಹಾಗೆ ಬರೆಯುವುದಕ್ಕೆ ಅಡ್ಡಿಯಿಲ್ಲ.

ಊರ ಪಶ್ಚಿಮಕ್ಕೆ ಇನ್ನೂರು ಎಕರೆ ಗೋಮಾಳವಿತ್ತು. ಹತ್ತಿ ಗಿರಣಿಯ ಸಾಹುಕಾರ್ ರುದ್ರಯ್ಯನವರಿಗೆ ಘಟ್ಟದ ರಸ್ತೆಯಲ್ಲಿ ಬಸ್ಸು ತಿರುಗಿದರೆ ವಾಂತಿ ಬರುತ್ತಿತ್ತು. ಹಾಗಾಗಿ ಊರಿಗೆ ವಿಮಾನ ಬೇಕು ಅಂತ ತೀರ್ಮಾನವಾಯಿತು. ದನ ಮೇಯಿಸುವವರಿಗೆ ಬೇರೆ ಜಾಗ ಕೊಡುತ್ತೇವೆ ಎಂದರು. ಆ ಬೇರೆ ಜಾಗ ಯಾವುದು ಅಂತ ಅವರ ಮೊಮ್ಮಕ್ಕಳು ಇವತ್ತಿಗೂ ಅರ್ಜಿ ಬರೆಯುತ್ತಿದ್ದಾರೆ. ಮೊದಲ ವಿಮಾನ ಇಳಿದ ದಿನ ಪುರೋಹಿತರು ಅದರ ಮೂತಿಗೆ ಕುಂಕುಮ ಹಚ್ಚಿ, ರೆಕ್ಕೆಯ ಕೆಳಗೆ ಬೂದುಗುಂಬಳಕಾಯಿ ಒಡೆದರು. ಅದರ ಮೇಲೆ ಕಾಲಿಟ್ಟು ಪೈಲಟ್ಟು ಜಾರಿ ಬಿದ್ದ. ಸಂಚಿಕೆಗೆ ಬೇಕಾದ ಖುಷಿಯ ಸಂಗತಿ ಇದೊಂದೇ ನನ್ನ ಹತ್ತಿರ ಇರುವುದು.

ಊರಿನವರು ಅದನ್ನು ಏರೋಡ್ರಮ್ಮು ಅನ್ನುತ್ತಿದ್ದರು. ಹನ್ನೆರಡು ಜನ ಕೂರುವ ವಿಮಾನ. ವಾರಕ್ಕೆ ಮೂರು ದಿನ ಬಂದು ಹೋಗುತ್ತಿತ್ತು. ಅಷ್ಟು ಸಣ್ಣ ವಿಮಾನವಾದ್ದರಿಂದ ಸಾಮಾನಿನ ಜೊತೆಗೆ ಮನುಷ್ಯರನ್ನೂ ತೂಗಬೇಕು ಅಂತ ಕಂಪನಿಯ ಕಾನೂನಿತ್ತು. ಟಿಕೆಟ್ ಕೊಳ್ಳುವ ದಿನ ಒಂದು ಸಲ, ಹೊರಡುವ ದಿನ ಇನ್ನೊಂದು ಸಲ. ಕಂಪನಿಯವರ ಹತ್ತಿರ ಯಂತ್ರವಿರಲಿಲ್ಲ. ಸಾಹುಕಾರರು ಗಿರಣಿಯಲ್ಲಿ ಹತ್ತಿ ಮೂಟೆ ತೂಗುತ್ತಿದ್ದ ಕಾಟಾವನ್ನು ಎತ್ತಿನ ಗಾಡಿಯಲ್ಲಿ ಕಳಿಸಿಕೊಟ್ಟರು. ಅದರಲ್ಲಿ ತೂಗುತ್ತಿದ್ದ ನಮ್ಮಪ್ಪ ಸಿದ್ರಾಮಣ್ಣ ಗಾಡಿಯ ಹಿಂದೆ ನಡೆದುಕೊಂಡು ಬಂದರು. ಕೆಳಗೆ ಕಬ್ಬಿಣದ ಹಲಗೆ, ಅದರ ಮುಂದೆ ಎದೆಯೆತ್ತರದ ಕಂಬ, ಕಂಬದ ಮೇಲೆ ದುಂಡನೆಯ ಮುಖ, ಅದರಲ್ಲೊಂದು ಮುಳ್ಳು. ಹಲಗೆಯ ಮೇಲೆ ನಿಂತವರಿಗೆ ಆ ಮುಖದ ಬೆನ್ನು ಮಾತ್ರ ಕಾಣುತ್ತಿತ್ತು. ಮುಳ್ಳು ಕಾಣುತ್ತಿದ್ದದ್ದು ತೂಗುವವನೊಬ್ಬನಿಗೇ. ಅವನು ತೂಕವನ್ನು ಗಟ್ಟಿಯಾಗಿ ಕೂಗಬೇಕು, ಮೇಜಿನ ಹಿಂದಿನ ಗುಮಾಸ್ತ ಬರೆದುಕೊಳ್ಳಬೇಕು.

ಮೊದಲು ಎರಡು ಕಿಲೋ ಕಡಿಮೆ ಬಂದವರು ಹೈಸ್ಕೂಲಿನ ಡ್ರಿಲ್ ಮಾಸ್ತರು. ಟಿಕೆಟ್ ದಿನ ಅರವತ್ತೆಂಟು ತೂಗಿದ್ದರು, ಹೊರಡುವ ದಿನ ಅರವತ್ತಾರು. ತಮ್ಮನ ಮದುವೆಗೆ ಅಂತ ಹೋದವರು ವಾಪಸ್ ಬರಲಿಲ್ಲ. ಆಮೇಲೆ ಅಕ್ಕಸಾಲಿ ಮೌನೇಶಪ್ಪನ ಎರಡನೇ ಮಗ. ಆಮೇಲೆ ಕಣ್ಣಿನ ಆಪರೇಷನ್ನಿಗೆ ಹೊರಟ ಒಬ್ಬ ಅಜ್ಜಿ. ಅವರು ಎಲ್ಲಿಗೂ ಓಡಿಹೋಗಲಿಲ್ಲ, ಆಸ್ಪತ್ರೆಯಲ್ಲೇ ತೀರಿಕೊಂಡರು. ಆರನೆಯವರ ಹೊತ್ತಿಗೆ ಅಪ್ಪನಿಗೆ ತಿಳಿಯಿತು, ಮರುದಿನವೇ ಊರಿಗೂ ತಿಳಿಯಿತು. ತಿರುಗಿ ಬರದವರು ಹೊರಡುವ ದಿನ ಎರಡು ಕಿಲೋ ಕಡಿಮೆ ತೂಗುತ್ತಾರೆ. ಒಂದು ಸಲವೂ ಇದು ತಪ್ಪಲಿಲ್ಲ. ಕಂಪನಿಯವರು ಹೊಸ ಸ್ಪ್ರಿಂಗು ಹಾಕಿಸಿ ನೋಡಿದರು. ಆಗಲೂ ಅಷ್ಟೇ.

ಬೇರೆ ಊರಿನವರಾಗಿದ್ದರೆ ಹೆದರಿ ಕಾಟಾವನ್ನು ಗುಜರಿಗೆ ಹಾಕುತ್ತಿದ್ದರೇನೋ. ನಮ್ಮವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ವಿಮಾನದ ದಿನ ಮನೆಮಂದಿಯೆಲ್ಲ ಟಿಕೆಟ್ ತೂಕದ ಚೀಟಿ ಹಿಡಿದುಕೊಂಡು ಕಟಕಟೆಯ ಆಚೆ ನಿಲ್ಲುತ್ತಿದ್ದರು. ಅಪ್ಪ ತೂಕ ಕೂಗಿದ ಕೂಡಲೇ ಚೀಟಿ ನೋಡುತ್ತಿದ್ದರು. ಸರಿಯಿದ್ದರೆ ಹೂವಿನ ಹಾರ, ಕಡಿಮೆಯಿದ್ದರೆ ರಟ್ಟೆ ಹಿಡಿದು ಕೆಳಗಿಳಿಸಿ ಮನೆಗೆ. ಹೊರಡುವವರು ಡಜನ್ನುಗಟ್ಟಲೆ ಬಾಳೆಹಣ್ಣು ತಿಂದು ಬಂದರು, ಲಂಗದ ಅಂಚಿಗೆ ಮರಳು ಹೊಲಿಸಿಕೊಂಡು ಬಂದರು. ಗಂಡಸರನ್ನು ಗುಮಾಸ್ತ ತಡವಿ ನೋಡುತ್ತಿದ್ದ. ಹೆಂಗಸರಿಗೆ ಅಂತ ಸೂಲಗಿತ್ತಿ ಮರಿಯಮ್ಮನನ್ನು ನೇಮಿಸಿದರು. ಗಂಡು ತೋರಿಸುವವರು "ನಮ್ಮ ಹುಡುಗ ಮೂರು ಸಲ ವಿಮಾನ ಹತ್ತಿದಾನೆ, ಮೂರು ಸಲವೂ ಪೂರ್ತಿ ತೂಕ" ಅನ್ನತೊಡಗಿದರು. ಹಗುರ ಅನ್ನುವುದು ನಮ್ಮೂರಿನಲ್ಲಿ ಬೈಗುಳವಾಯಿತು. ಬಸ್ಸಿನ ಕಂಡಕ್ಟರುಗಳೆಲ್ಲ ಊರಿನ ಹುಡುಗರೇ. ಕಾಟಾದಲ್ಲಿ ಹಗುರ ಬಂದವರನ್ನು ಅವರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಹೃದಯದ ಕಾಯಿಲೆಯಿದ್ದ ಕುಂಬಾರ ಚೌಡಪ್ಪ ದೊಡ್ಡಾಸ್ಪತ್ರೆಗೆ ಹೊರಟು ಹಗುರ ಬಂದ. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋಗುತ್ತಾನೆ ಅಂತ ಇಳಿಸಿಬಿಟ್ಟರು. ಎಂಟನೆಯ ದಿನ ಇಲ್ಲೇ ಸತ್ತ. ನಮ್ಮವರಿಗೆ ತಪ್ಪು ಮಾಡಿದೆವು ಅನ್ನಿಸಲೇ ಇಲ್ಲ. ಊರಿನ ಮಣ್ಣಿನಲ್ಲಾದರೂ ಸೇರಿದನಲ್ಲ ಅಂದರು.

ಇನ್ನೊಂದು ಸಂಗತಿಯಿದೆ. ಇಳಿಸಿದವರನ್ನು ಮತ್ತೆ ಕಾಟಾ ಹತ್ತಿಸಿದರೆ ಕಳೆದ ಎರಡು ಕಿಲೋ ಅಲ್ಲೇ ವಾಪಸ್ ಬಂದಿರುತ್ತಿತ್ತು. ಮನೆಯವರಿಗೆ ಅದನ್ನು ಕಣ್ಣಾರೆ ಕಂಡಷ್ಟು ಸಮಾಧಾನ. ಅಪ್ಪ ಅದನ್ನು ತಮ್ಮ ಸ್ವಂತ ಸಾಧನೆಯ ಹಾಗೆ ಹೇಳಿಕೊಳ್ಳುತ್ತಿದ್ದರು.

ನನ್ನ ಅಕ್ಕ ಇಂದುಮತಿ ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಕೈಯಲ್ಲಿ ಗೆರೆ ನೆಟ್ಟಗೆ ಬರುತ್ತಿತ್ತು, ಅಡಿಕೋಲು ಇಲ್ಲದೆಯೂ. ಕಂಪನಿಯ ಮ್ಯಾನೇಜರ್ ಡಿಕೋಸ್ಟ ಸಾಹೇಬರು ಒಂದು ದಿನ ವಿಮಾನ ಇಳಿಯುವ ಓಡುದಾರಿಯ ಹಳೆಯ ನಕ್ಷೆಯೊಂದನ್ನು ನಕಲು ಮಾಡಿಕೊಡು ಅಂತ ಅವಳಿಗೆ ಕೊಟ್ಟರು. ಅವಳು ನಕಲು ಮಾಡಿಕೊಟ್ಟಳು, ಜೊತೆಗೆ ಮೂಲದಲ್ಲಿದ್ದ ಎರಡು ತಪ್ಪು ತೋರಿಸಿದಳು. ಸಾಹೇಬರೇ ಅರ್ಜಿ ತರಿಸಿ ರಾಜಧಾನಿಯ ನಕ್ಷೆ ಕಚೇರಿಗೆ ಬರೆಸಿದರು. ಎರಡು ವರ್ಷದ ತರಬೇತಿ, ಆಮೇಲೆ ಕೆಲಸ. ಆ ಕಚೇರಿಯ ಪುಸ್ತಿಕೆಯಲ್ಲಿ ಒಂದು ಫೋಟೋ ಇತ್ತು: ಉದ್ದನೆಯ ಕೋಣೆ, ಒಂದು ಕಡೆ ಪೂರ್ತಿ ಕಿಟಕಿ, ನಲವತ್ತು ಓರೆ ಮೇಜು. ಅಕ್ಕ ಅದನ್ನು ದೇವರ ಪಟದ ಪಕ್ಕದಲ್ಲಿ ಸಿಕ್ಕಿಸಿದ್ದಳು. ಅಪ್ಪ ಆರು ತಿಂಗಳು ಬೇಡ ಅಂದು ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಎರಡು ವರ್ಷ ಮುಗಿಸಿ ಬಂದು ಸೋದರಮಾವನ ಮಗ ಗುರುಶಾಂತನನ್ನು ಮದುವೆಯಾಗಬೇಕು. ಅಕ್ಕ ಹೂಂ ಅಂದಳು.

ಆ ವರ್ಷವೇ ಅಪ್ಪನ ಕಣ್ಣಿಗೆ ಪೊರೆ ಬಂದು ಕಾಟಾ ನನ್ನ ಕೈಗೆ ಬಂದಿತ್ತು. ನನಗೆ ಇಪ್ಪತ್ತು ವರ್ಷ. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಅಕ್ಕನ ಟಿಕೆಟ್ ತೂಕ ನಾನೇ ತೂಗಿದ್ದೆ: ಐವತ್ತೊಂದು.

ಹೊರಡುವ ದಿನ ಬುಧವಾರ. ಅಕ್ಕ ನೀಲಿ ಸೀರೆ ಉಟ್ಟಿದ್ದಳು. ಕೈಯಲ್ಲಿ ತಗಡಿನ ಟ್ರಂಕು. ಮರಿಯಮ್ಮ ತಡವಿ ನೋಡಿ, "ಏನೂ ಇಲ್ಲ, ಮಗ ಮುದ್ದಾಗವ್ಳೆ," ಅಂದಳು. ಅಕ್ಕ ಟ್ರಂಕನ್ನು ಕೆಳಗಿಟ್ಟು ಹಲಗೆಯ ಮೇಲೆ ನಿಂತಳು. ಮುಳ್ಳು ಹೋಗಿ ನಲವತ್ತೊಂಬತ್ತರಲ್ಲಿ ನಿಂತಿತು. ನಾನು ಕಂಬಕ್ಕೆ ಒಂದು ಏಟು ಕೊಟ್ಟೆ. ಮುಳ್ಳು ನಡುಗಿ ಮತ್ತೆ ಅಲ್ಲೇ ಬಂದು ನಿಂತಿತು. ತಲೆಯೆತ್ತಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮುಳ್ಳು ಕಾಣುತ್ತಿರಲಿಲ್ಲ, ನನ್ನ ಮುಖ ಕಾಣುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ. ಕಟಕಟೆಯ ಆಚೆ ಅಪ್ಪ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು.

ಐವತ್ತೊಂದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಎರಡು ಕಿಲೋ ತಪ್ಪಿದರೆ ವಿಮಾನ ಬೀಳುವುದಿಲ್ಲ, ಅದು ನನಗೆ ಗೊತ್ತಿತ್ತು. ಕಾಟಾ ಸುಳ್ಳು ಹೇಳಬಾರದು ಅನ್ನುವ ಅಪ್ಪನ ಮಾತಿಗೆ ಕಟ್ಟುಬಿದ್ದೆ ಅಂತ ಬಹಳ ವರ್ಷ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಈಗ ಈ ವಯಸ್ಸಿನಲ್ಲಿ ಮುಚ್ಚಿಡುವುದೇನು? ನನಗೆ ಹೊಟ್ಟೆಕಿಚ್ಚಾಯಿತು. ನನ್ನನ್ನು ಆ ಕಾಟಾದ ಪಕ್ಕದಲ್ಲಿ ಬಿಟ್ಟು ಅವಳು ಶಾಶ್ವತವಾಗಿ ಹೊರಟಿದ್ದಾಳೆ, ನನಗೊಂದು ಮಾತು ಹೇಳದೆ ಹೊರಟಿದ್ದಾಳೆ ಅನ್ನಿಸಿತು. "ನಲವತ್ತೊಂಬತ್ತು," ಅಂತ ಕೂಗಿದೆ. ನನ್ನ ದನಿ ಬಹಳ ಚೆನ್ನಾಗಿ ಬಂದಿತ್ತು.

ಅಪ್ಪ ಕಟಕಟೆಯ ಕೆಳಗೆ ನುಗ್ಗಿ ಬಂದು ಅವಳ ರಟ್ಟೆ ಹಿಡಿದರು. ಅಕ್ಕ ಕೂಗಾಡಲಿಲ್ಲ. "ಕೈ ಬಿಡಿ ಅಪ್ಪ, ನೋಯುತ್ತೆ. ನಾನೇ ಬರ್ತೀನಿ," ಅಂದಳು. ಡಿಕೋಸ್ಟ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದು, "ಸಿದ್ರಾಮಣ್ಣ, ಆ ಹುಡುಗಿನ ಬಿಡಯ್ಯ, ಹಾಳು ಮಾಡಬೇಡ," ಅಂದರು. "ನಿಮ್ಮ ಕಂಪನಿ ಕಾನೂನೇ ಸ್ವಾಮಿ," ಅಂದರು ಅಪ್ಪ. ವಿಮಾನ ಒಂದು ಸೀಟು ಖಾಲಿ ಬಿಟ್ಟುಕೊಂಡು ಹೋಯಿತು. ಅದು ಮರೆಯಾದ ಮೇಲೆ ಅಪ್ಪ ಅವಳನ್ನು ಮತ್ತೆ ಕಾಟಾ ಹತ್ತಿಸಿದರು. ಐವತ್ತೊಂದು ಅಂತ ನಾನು ಹೇಳಿದೆ. ಆಗ ಅದು ನಿಜವೇ ಆಗಿತ್ತು. "ನೋಡ್ದಾ, ಸರಿಹೋಯ್ತು," ಅಂದರು ಅಪ್ಪ. ಅವರಿಗೆ ನಿಜವಾಗಿ ಸಂತೋಷವಾಗಿತ್ತು.

ಸರಿಹೋಗಲಿಲ್ಲ. ಹಗುರ ಬಂದ ಹುಡುಗಿ ನಮಗೆ ಬೇಡ ಅಂತ ಸೋದರಮಾವ ಹದಿನೈದು ದಿನದಲ್ಲಿ ಹೇಳಿಕಳಿಸಿದರು. ಎರಡು ವರ್ಷ ಕಳೆದ ಮೇಲೆ ನನಗೂ ಹೆಣ್ಣು ನೋಡಿದರು. ಹಗುರದ ಮನೆ ಅಂತ ಅವರೂ ಹಿಂದೆ ಸರಿದರು. ಊರನ್ನೆಲ್ಲ ತೂಗಿದ ಮನೆಗೆ ಕೊನೆಗೆ ಸಿಕ್ಕ ಹೆಸರು ಅದು. ಅಪ್ಪ ಅಮ್ಮ ಹೋದ ಮೇಲೆ ಉಳಿದವರು ನಾವಿಬ್ಬರೇ. ಅಕ್ಕ ಪುರಸಭೆಯಲ್ಲಿ ಸೈಟಿನ ನಕ್ಷೆ ನಕಲು ಮಾಡುವ ಕೆಲಸಕ್ಕೆ ಸೇರಿದಳು. ನಮ್ಮೂರಿನ ಒಂದೊಂದು ಮನೆಯ ಮೂಲೆಯನ್ನೂ, ಒಂದೊಂದು ಚರಂಡಿಯನ್ನೂ ಅವಳ ಕೈ ಬರೆದಿದೆ. ಈ ಊರಿನಿಂದಾಚೆ ಒಂದು ಗೆರೆಯನ್ನೂ ಅವಳು ಎಳೆಯಲಿಲ್ಲ. ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದು ಕಾಫಿ ಕೊಡುತ್ತಿದ್ದಳು, ಅಂಗಿಯ ಗುಂಡಿ ಹೊಲಿದುಕೊಡುತ್ತಿದ್ದಳು, ಜ್ವರ ಬಂದರೆ ಗಂಜಿ ಮಾಡುತ್ತಿದ್ದಳು. ಆ ಫೋಟೋ ದೇವರ ಪಟದ ಪಕ್ಕದಲ್ಲೇ ಹಳದಿಯಾಗುತ್ತಾ ಇತ್ತು. ತೆಗೆ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.

ಏರೋಡ್ರಮ್ಮು ಅಕ್ಕನ ಪ್ರಕರಣವಾದ ಮೇಲೆ ಒಂಬತ್ತು ವರ್ಷ ನಡೆಯಿತು. ಜನ ಕಾಟಾ ಹತ್ತುವುದಕ್ಕೇ ಹೆದರತೊಡಗಿದ್ದರು. ವಾರಕ್ಕೆ ಮೂರು ದಿನವಿದ್ದದ್ದು ಒಂದು ದಿನವಾಯಿತು. ಕಂಪನಿ ಬಾಗಿಲು ಹಾಕಿದ ದಿನ ಕೊನೆಯ ವಿಮಾನದಲ್ಲಿ ಹೋದವರು ಡಿಕೋಸ್ಟ ಸಾಹೇಬರು ಮತ್ತು ಅವರ ನಾಯಿ. ಸಾಹೇಬರು ಎರಡು ಕಿಲೋ ಕಡಿಮೆ ಬಂದರು, ನಾಯಿ ಅರ್ಧ ಕಿಲೋ. ಹಿಡಿದು ನಿಲ್ಲಿಸುವುದಕ್ಕೆ ಕಟಕಟೆಯ ಆಚೆ ಯಾರೂ ಇರಲಿಲ್ಲ. "ನಿನ್ನಕ್ಕನಿಗೆ ನನ್ನ ನಮಸ್ಕಾರ ಹೇಳು," ಅಂದರು. ನಾನು ಹೇಳಲಿಲ್ಲ. ಆಮೇಲೆ ಓಡುದಾರಿಯ ಮೇಲೆ ಮೆಣಸಿನಕಾಯಿ ಒಣಗಿತು, ಜನ ಸ್ಕೂಟರು ಕಲಿತರು, ಚುನಾವಣೆ ಬಂದಾಗ ಹೆಲಿಕಾಪ್ಟರು ಇಳಿದು ಮೆಣಸಿನಕಾಯಿಯ ಘಾಟಿಗೆ ನಾಯಕರೆಲ್ಲ ಕೆಮ್ಮಿದರು. ಮೂವರು ಮಂತ್ರಿಗಳು ಮೂರು ಸಲ ಶಂಕುಸ್ಥಾಪನೆ ಮಾಡಿದರು. ಮೂರೂ ಕಲ್ಲು ಇನ್ನೂ ಅಲ್ಲೇ ಇವೆ, ಒಂದರ ಮೇಲೆ ಕಾವಲುಗಾರ ಬಟ್ಟೆ ಒಣಹಾಕುತ್ತಾನೆ.

ಕೊನೆಗೆ ಸಣ್ಣ ಊರುಗಳಿಗೆಲ್ಲ ವಿಮಾನ ಬಿಡುವ ಯೋಜನೆ ಬಂದು ಗಾಜಿನ ಕಟ್ಟಡ ಎದ್ದಿತು. ಈಗ ಮನುಷ್ಯರನ್ನು ಯಾರೂ ತೂಗುವುದಿಲ್ಲ, ಬ್ಯಾಗನ್ನು ಮಾತ್ರ ತೂಗುತ್ತಾರೆ. ಹಳೆಯ ಕಾಟಾಕ್ಕೆ ಹಸಿರು ಬಣ್ಣ ಬಳಿದು, ಹಳೆಯ ಕಾಲದ ನೆನಪು ಅಂತ ಬೋರ್ಡು ಬರೆದು, ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು. ಮುಳ್ಳು ಅಲ್ಲಾಡುತ್ತಿಲ್ಲ, ಸರಿಮಾಡಿಕೊಡಿ ಸಾರ್ ಅಂತ ಪುರುಷೋತ್ತಮ ನನ್ನನ್ನೇ ಕರೆಸಿದ. ಎರಡು ದಿನ ಕೂತು ಎಣ್ಣೆ ಬಿಟ್ಟು, ಧೂಳು ಕೆರೆದು ಸರಿಮಾಡಿದೆ. ಮಧ್ಯಾಹ್ನ ಬುತ್ತಿ ತಂದ ಅಕ್ಕ ಅದನ್ನು ಸುತ್ತು ಹಾಕಿ ನೋಡಿದಳು. ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತಳು. ನಲವತ್ಮೂರು ವರ್ಷದ ಮೇಲೆ ನಿಂತಿದ್ದಳು. "ಎಷ್ಟು?" ಅಂದಳು. "ನಲವತ್ನಾಲ್ಕು," ಅಂದೆ. "ಸವೆದುಹೋಗಿದೀನಿ," ಅಂದು ಇಳಿದಳು.

ಆ ಕೆಲಸಕ್ಕೆ ಸಂಭಾವನೆ ಕೊಡುವ ಬದಲು ಮೊದಲ ವಿಮಾನದಲ್ಲಿ ಒಂದು ಸೀಟು ಕೊಟ್ಟರು. ಮಂಗಳವಾರ ಹೋಗಿ ಶುಕ್ರವಾರ ಬರುವ ಟಿಕೆಟ್ಟು. ನಾನು ಅದನ್ನು ಅಕ್ಕನ ಹೆಸರಿಗೆ ಬರೆಸಿದೆ. ಅವಳು ಟಿಕೆಟ್ಟನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ನಕ್ಷೆ ಕಚೇರಿ ಇನ್ನೂ ಅಲ್ಲೇ ಇರುತ್ತೇನೋ?" ಅಂದಳು. "ಇರುತ್ತೆ ಕಣಕ್ಕ, ಸರ್ಕಾರಿ ಕಚೇರಿ ಎಲ್ಲಿಗೆ ಹೋಗುತ್ತೆ," ಅಂದೆ. ಸೋಮವಾರ ಅವಳು ತನ್ನ ಬೀರು ಪೂರ್ತಿ ಖಾಲಿ ಮಾಡಿ ಆ ಹಳೆಯ ಟ್ರಂಕಿಗೆ ತುಂಬುವುದನ್ನು ನೋಡಿದೆ. ಸೀರೆಗಳು, ಪಿಂಚಣಿ ಪುಸ್ತಕ, ಮಸಿ ಪೆನ್ನುಗಳ ಡಬ್ಬಿ. ಗೋಡೆಯ ಮೇಲಿನ ಫೋಟೋ ಕೂಡ ಇರಲಿಲ್ಲ. ಮೂರು ದಿನಕ್ಕೆ ಯಾರೂ ಅಷ್ಟು ತುಂಬುವುದಿಲ್ಲ. ನನಗೆ ತಿಳಿಯಿತು, ಅವಳಿಗೂ ನನಗೆ ತಿಳಿದದ್ದು ತಿಳಿಯಿತು. ಅವತ್ತಿನಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಬ್ಯಾಂಡು, ಹಾರ, ಮಂತ್ರಿಗಳ ಭಾಷಣ. ಆ ಗಲಾಟೆಯ ನಡುವೆ ಅಕ್ಕ ಬಾಗಿಲ ಹತ್ತಿರ ನಿಂತು, "ವಾಮು, ಒಂದ್ಸಲ ತೂಗು," ಅಂದಳು. "ಈಗ ಯಾಕಕ್ಕ, ಯಾರೂ ಕೇಳಲ್ಲ," ಅಂದೆ. "ನಾನು ಕೇಳ್ತಾ ಇದೀನಲ್ಲ," ಅಂದಳು. ಟ್ರಂಕನ್ನು ಕೆಳಗಿಟ್ಟು ಹಲಗೆ ಹತ್ತಿದಳು. ನಾನು ಏನು ಹೇಳಬೇಕು ಅನ್ನುವುದು ನನಗೆ ನಲವತ್ಮೂರು ವರ್ಷದಿಂದ ಗೊತ್ತಿತ್ತು. ಮುಳ್ಳು ನಲವತ್ತೆರಡು ತೋರಿಸುತ್ತದೆ, ನಾನು ಮುಖದಲ್ಲಿ ಏನೂ ಕಾಣಿಸದ ಹಾಗೆ ನಲವತ್ನಾಲ್ಕು ಅನ್ನಬೇಕು. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೆ. ಮುಳ್ಳು ನಲವತ್ತೆರಡನ್ನು ದಾಟಿತು. ನಲವತ್ಮೂರನ್ನು ದಾಟಿತು. ನಲವತ್ನಾಲ್ಕರ ಗೆರೆಯ ಮೇಲೆ ಬಂದು ನಿಂತಿತು. ನಾನು ಕಂಬಕ್ಕೆ ಏಟು ಕೊಟ್ಟೆ. ಅದು ಅಲ್ಲಿಂದ ಕದಲಲಿಲ್ಲ.

"ನಲವತ್ನಾಲ್ಕು," ಅಂದೆ. ನನ್ನ ದನಿ ಒಡೆಯಿತು. ಅಕ್ಕ ನನ್ನ ಮುಖವನ್ನು ನೋಡಿದಳು, ಅವತ್ತು ನೋಡಿದ ಹಾಗೆಯೇ. ಆಮೇಲೆ ನಕ್ಕಳು. ಹಲಗೆಯಿಂದ ಇಳಿದು ಬಂದು ನನ್ನ ಕೆನ್ನೆಯನ್ನು ಅಂಗೈಯಿಂದ ಮುಟ್ಟಿದಳು. "ಕೊನೆಗೂ ಸುಳ್ಳು ಹೇಳೋದು ಕಲಿತ್ಯಲ್ಲೋ," ಅಂದಳು. ಅವಳು ಟ್ರಂಕು ಎತ್ತಿಕೊಂಡು ಗಾಜಿನ ಬಾಗಿಲು ದಾಟಿ, ಒಂದು ಸಲವೂ ತಿರುಗದೆ, ಇಪ್ಪತ್ಮೂರು ವರ್ಷದವಳ ಹಾಗೆ ನಡೆದುಕೊಂಡು ಹೋದಳು. ಬ್ಯಾಂಡು ಬಾರಿಸುತ್ತಲೇ ಇತ್ತು. ನಾನು ಕಾಟಾದ ಹಿಂದೆ ಕೂತು ಅತ್ತೆ. ವಿಮಾನ ಬಂತಲ್ಲ ಅಂತ ಆನಂದಬಾಷ್ಪ ಅಂದುಕೊಂಡು ಪುರುಷೋತ್ತಮ ಫೋಟೋ ಹೊಡೆಸಿದ. ಆ ಫೋಟೋ ಸಂಚಿಕೆಯಲ್ಲಿ ಬರುತ್ತದಂತೆ.

ಶುಕ್ರವಾರ ಮೂರು ಗಂಟೆಗೆ ನಿಲ್ದಾಣಕ್ಕೆ ಹೋದೆ. ಮನೆಯಲ್ಲಿ ಅನ್ನಕ್ಕೆ ಇಬ್ಬರಿಗಾಗುವಷ್ಟು, ಎರಡು ಪಾವು ಅಕ್ಕಿ ತೊಳೆದಿಟ್ಟು ಹೋಗಿದ್ದೆ. ಹಾಗೆ ತೊಳೆದಿಡುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಬರದೆ ಇರಲಿ, ಕಾಟಾ ಒಂದು ಸಲ ತಪ್ಪಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ಅಕ್ಕ ಎಲ್ಲರಿಗಿಂತ ಕೊನೆಗೆ ಇಳಿದಳು.

"ಆ ಕೋಣೆಯಲ್ಲಿ ಈಗ ಮೇಜುಗಳಿಲ್ಲ," ಅಂದಳು. "ಹಳೇ ಕಡತ ತುಂಬಿದಾರೆ. ಕಿಟಕಿಗೆಲ್ಲ ಹಲಗೆ ಹೊಡೆದುಬಿಟ್ಟಿದಾರೆ, ಕಾಗದ ಹಾಳಾಗುತ್ತೆ ಅಂತ. ಕೈಯಲ್ಲಿ ಯಾರೂ ಬರೆಯಲ್ಲವಂತೆ. ಎರಡು ದಿನ ಆ ಊರಲ್ಲಿ ಬೀದಿ ಬೀದಿ ತಿರುಗಿದೆ. ನನಗೆ ಅಲ್ಲಿ ಏನು ಮಾಡಬೇಕು ಅಂತಲೇ ತಿಳೀಲಿಲ್ಲ ಕಣೋ." ಬಾಗಿಲ ಹತ್ತಿರ ಬಂದಾಗ ಕಾಟಾದ ಮುಂದೆ ನಿಂತಳು. ಅದರ ಹಿಂದಕ್ಕೆ, ತೂಗುವವನು ನಿಲ್ಲುವ ಕಡೆಗೆ ಹೋಗಿ, ಮುಳ್ಳನ್ನು ನೋಡಿದಳು. ಅವಳು ಆ ಕಡೆಯಿಂದ ಅದನ್ನು ನೋಡಿದ್ದು ಅದೇ ಮೊದಲು.

"ಮಂಗಳವಾರ ಎಷ್ಟು ತೋರಿಸ್ತು? ನಿಜ ಹೇಳು."

"ನಲವತ್ನಾಲ್ಕು."

ಅವಳು ತಲೆಯಾಡಿಸಿದಳು. "ಹಾಗಾದ್ರೆ ಮಂಗಳವಾರವೂ ನೀನು ನಿಜಾನೇ ಹೇಳಿದ್ದೆ," ಅಂದಳು. ಇಲ್ಲ ಅಕ್ಕ, ಈ ಸಲ ಸುಳ್ಳು ಹೇಳುವುದಕ್ಕೆ ಸಿದ್ಧನಾಗಿ ಬಂದಿದ್ದೆ ಅನ್ನಬೇಕು ಅನ್ನಿಸಿತು. ಅದನ್ನು ಈಗ ಹೇಳಿ ಯಾರಿಗೆ ಏನಾಗಬೇಕು? ಅಷ್ಟರಲ್ಲಿ ಅವಳು ಟ್ರಂಕನ್ನು ನನ್ನ ಕಾಲ ಬಳಿ ಇಟ್ಟಿದ್ದಳು. ಅದನ್ನು ಅವಳು ಒಂದು ದಿನವೂ ನನಗೆ ಮುಟ್ಟಗೊಟ್ಟವಳಲ್ಲ. "ನೀನೇ ಹಿಡ್ಕೊ, ನನ್ನ ಕೈಲಾಗಲ್ಲ," ಅಂದು ಮನೆಯ ದಾರಿ ಹಿಡಿದಳು.